ಬಗ್ಗದ ಮಾಸ್ತರರೂ ಗಣಪತಿಯ ಕೈಗಾಡಿಯೂ

ನಾನು ಹೊಟ್ಟೆಪಾಡಿಗೆ ಹಿಡಿದದ್ದು ಮುದುಕರ ಬೆನ್ನು. ಮುದುಕರ ಬೆನ್ನು ಹಿಡಿದವರಿಗೆ ನಗುವಿನ ಬರಗಾಲ ಬರುವುದಿಲ್ಲ. ಒಂದು ಫಜೀತಿ ಮರೆಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ.

ಐವತ್ತರ ದಶಕದ ಮಾತು. ಫಿಸಿಯೋಥೆರಪಿ ಅನ್ನುವ ವಿದ್ಯೆ ಮುಂಬಯಿಗೆ ಹೊಸದು. ಧಾರವಾಡದವಳಾದ ನಾನು ಅದನ್ನು ಕಲಿತು ಬೈಕುಲ್ಲಾ ಕಡೆಯ ಒಂದು ಆಸ್ಪತ್ರೆಗೆ ಸೇರಿದ್ದೆ. ನನ್ನ ಪಾಲಿಗೆ ಬರುತ್ತಿದ್ದವರಲ್ಲಿ ಬಹಳ ಜನ ಒಂದೇ ಬಗೆಯ ರೋಗಿಗಳು. ಮುಪ್ಪಿನಲ್ಲಿ ಕೆಲವರಿಗೆ ಬೆನ್ನೆಲುಬಿನೊಳಗೆ ನರಗಳು ಹಾಯುವ ದಾರಿ ಇಕ್ಕಟ್ಟಾಗುತ್ತದೆ. ಎರಡು ಲೋಕಲ್ ರೈಲಿನ ಜನ ಒಮ್ಮೆಲೇ ದಾದರ್ ಸ್ಟೇಷನ್ನಿನ ಬ್ರಿಜ್ಜು ಹತ್ತಿದರೆ ಹೇಗೋ ಹಾಗೆ. ನೆಟ್ಟಗೆ ನಿಂತರೆ, ನಡೆದರೆ ದಾರಿ ಇನ್ನಷ್ಟು ಇಕ್ಕಟ್ಟಾಗಿ ಕಾಲು ಜೋಮು ಹಿಡಿಯುತ್ತದೆ. ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ದಾರಿ ತುಸು ಬಿಡುವಾಗಿ ಜೀವ ಬಂದಂತಾಗುತ್ತದೆ. ಬಿಸಿ ದೀಪದ ಶಾಖ ಕೊಡುವುದು, ಮಂಡಿಯನ್ನು ಎದೆಗೆ ತಂದು ಬೆನ್ನು ಸಡಿಲಿಸುವ ವ್ಯಾಯಾಮ ಮಾಡಿಸುವುದು, ಬಗ್ಗಿ ನಡೆಯಲು ಕಲಿಸುವುದು, ಇದು ನಮ್ಮ ಕೆಲಸ.

ಹೊರಗಿನವರು ಇದಕ್ಕೆಲ್ಲ ಮೈ ತಿಕ್ಕುವ ಮಾಲೀಶು ಅನ್ನುತ್ತಿದ್ದರು, ನನಗೆ ಮಾಲೀಶ್ ಬಾಯಿ ಅನ್ನುತ್ತಿದ್ದರು. ಧಾರವಾಡದಲ್ಲಿ ನಮ್ಮ ಅಜ್ಜಿಗೆ ಈ ಹೆಸರು ತಿಳಿದ ದಿನ, ಮನೆತನದ ಮಾನ ಹೋಯಿತೆಂದು ಅವಳು ಊಟ ಬಿಟ್ಟಳಂತೆ. ಮರುದಿನ ಸೊಂಟ ಹಿಡಿದುಕೊಂಡಿತು. ಆಗ, ಆ ಮಾನ ಕಳೆದವಳನ್ನೇ ಕರೆಸಿರಿ ಅಂದಳಂತೆ.

ಹೆಣ್ಣು ನೋಡಲು ಬಂದವರು

ಗ್ರಾಂಟ್ ರೋಡಿನ ಒಂದು ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಮಾಳಿಗೆ ವಠಾರದಲ್ಲಿ, ಅಣ್ಣ ಅತ್ತಿಗೆಯ ಜೊತೆ ನಾನಿದ್ದೆ. ನನಗೊಂದು ಗಂಡು ಗಂಟುಹಾಕಿದರೆ ಅಣ್ಣನ ತಲೆಯ ಭಾರ ಇಳಿಯುತ್ತಿತ್ತು. ದಾದರಿನಿಂದ ಒಂದು ಕಡೆಯವರು ಬಂದರು. ಮೂಲ ಬೆಳಗಾವಿಯವರು. ಹುಡುಗ ಬಾಯಿ ಬಿಡಲಿಲ್ಲ, ಎಲ್ಲ ಅವನ ತಾಯಿಯದೇ ದರ್ಬಾರು.

ಉಪ್ಪಿಟ್ಟು, ಶಿರಾ, ಚಹಾ ಆದವು. ಇನ್ನು ಹುಡುಗಿ ಹಾಡಬೇಕು. ನನ್ನ ಕಂಠದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಾನು ತಲೆ ತಗ್ಗಿಸಿ ಕೂತವಳು ಆ ತಾಯಿಯನ್ನೇ ನೋಡುತ್ತಿದ್ದೆ. ಆಕೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮೊಣಕಾಲ ಮೇಲೆ ಕೈಯೂರಿ ಕೂತಿದ್ದರು. ಸ್ಟೇಷನ್ನಿನಿಂದ ಬರುವಾಗ ಸಿಕ್ಕ ಸಿಕ್ಕ ಅಂಗಡಿ ಕಟ್ಟೆಯ ಮೇಲೆ ಕೂತು ಕೂತು ಬಂದರಂತೆ, ಆದರೆ ಚಾಳಿನ ಮೆಟ್ಟಿಲು ಮಾತ್ರ ಬಾಗಿಕೊಂಡು ಸರಸರ ಹತ್ತಿದರಂತೆ. ಅತ್ತಿಗೆ ಹೇಳಿದ್ದಳು.

ಹಾಡು ಬಿಟ್ಟು ನಾನು ಕೇಳಿದೆ, "ನಡದರ ಕಾಲು ಜೋಮು ಹಿಡಿತಾವೇನ್ರೀ? ಕೂತರ ಕಡಿಮಿ ಆಗತಾವೇನ್ರೀ?"

ಆಕೆಯ ಕಣ್ಣು ಅರಳಿತು. ಊರ ಡಾಕ್ಟರರಿಗೆಲ್ಲ ತೋರಿಸಿದ್ದರಂತೆ, ಇದೊಂದನ್ನು ಯಾರೂ ಕೇಳಿರಲಿಲ್ಲವಂತೆ. ಮುಂದಿನದು ನನ್ನ ಕೈಯಲ್ಲಿರಲಿಲ್ಲ, ಕೈಗೆ ಅಭ್ಯಾಸವಾಗಿತ್ತು. ಗಂಡಸರನ್ನು ಹೊರಗಿನ ಗ್ಯಾಲರಿಗೆ ಕಳಿಸಿ, ಚಾಪೆ ಹಾಸಿ, ಆಕೆಯನ್ನು ಅಂಗಾತ ಮಲಗಿಸಿ ಮಂಡಿ ಎದೆಗೊತ್ತಿಸಿದೆ. ಒಳಗಿನಿಂದ ಬರುತ್ತಿದ್ದ 'ಹಾ, ಹೂ' ಕೇಳಿ ಹುಡುಗ ಬಾಗಿಲು ತೆರೆದು ಇಣುಕಿದ. ಹೆಣ್ಣು ನೋಡಲು ಬಂದವನಿಗೆ ಕಂಡದ್ದು, ಹೆಣ್ಣು ತನ್ನ ತಾಯಿಯನ್ನು ಕುಸ್ತಿಯಲ್ಲಿ ಚಿತ್ ಮಾಡಿ ಮೇಲೆ ಕೂತ ಹಾಗೆ.

ಎರಡು ದಿನಕ್ಕೆ ದಾದರಿನಿಂದ ಆಳು ಬಂದ. ಹುಡುಗಿಗೆ ಹಾಡಲು ಬರುವುದಿಲ್ಲವಾದ್ದರಿಂದ ಸಂಬಂಧ ಬೇಡವಂತೆ. ಅಣ್ಣ ಮುಖ ಸಣ್ಣದು ಮಾಡಿಕೊಂಡ. ಆಳು ಮಾತ್ರ ಅಲ್ಲೇ ನಿಂತಿದ್ದ.

"ಮತ್ತೇನು?" ಅಂದ ಅಣ್ಣ.

"ಮಂಡಿ ಎದಿಗೆ ತರೂವಾಗ ಎಡಗಾಲು ಮೊದಲೋ, ಬಲಗಾಲು ಮೊದಲೋ? ಕೇಳಿಕೊಂಡ ಬಾ ಅಂದಾರ್ರಿ."

ಹೊಟೇಲಿನ ಮೇಜು

ನಮ್ಮ ಚಾಳಿನ ಮೂಲೆಯಲ್ಲಿ ಉಡುಪಿ ಕಡೆಯವರೊಬ್ಬರ ಹೊಟೇಲಿತ್ತು. ಅವರನ್ನು ಎಲ್ಲರೂ ಶೇಠ್ ಅನ್ನುತ್ತಿದ್ದರು. ಅವರಿಗೂ ಇದೇ ಬೆನ್ನು. ಗಲ್ಲಾದ ಮುಂದೆ ಕೂತರೆ ಮಹಾರಾಜ, ಎದ್ದು ಅಡಿಗೆಮನೆಗೆ ನಡೆದರೆ ಕಾಲು ಕಬ್ಬಿಣ. ಬೆಳಿಗ್ಗೆ ಸಂಜೆ ಮನೆಯಲ್ಲಿ ವ್ಯಾಯಾಮ ಮಾಡಿ, ಗಟ್ಟಿ ಜಾಗದ ಮೇಲೆ ಮಲಗಿ ಮಾಡಿ ಎಂದು ಹೇಳಿ ಕಳಿಸಿದ್ದೆ.

ಮನೆಯೆಂದರೆ ಅವರಿಗೆ ಹೊಟೇಲಿನ ಅಟ್ಟ. ಅಲ್ಲಿ ಕೆಲಸದವರೆಲ್ಲ ಮಲಗುವುದರಿಂದ ಕಾಲು ಎತ್ತಿದರೆ ಇನ್ನೊಬ್ಬರ ಮೂಗಿಗೆ. ಕೆಳಗೆ ನೆಲ ಒದ್ದೆ. ಇಡೀ ಹೊಟೇಲಿನಲ್ಲಿ ಗಟ್ಟಿಯಾದ, ಒಣಗಿದ ಜಾಗವೆಂದರೆ ಗಿರಾಕಿಗಳು ತಿಂಡಿ ತಿನ್ನುವ ಕಲ್ಲಿನ ಮೇಜು. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಅದರ ಮೇಲೆ ಬಿಳಿ ಪಂಚೆ ಹಾಸಿ, ಅಂಗಾತ ಮಲಗಿ, ವ್ಯಾಯಾಮ ಮುಗಿಸಿ ಕಣ್ಣು ಮುಚ್ಚಿ ಸುಧಾರಿಸಿಕೊಳ್ಳುತ್ತಿದ್ದರು.

ಒಂದು ದಿನ ಹಾಲಿನವನು ಬಾಗಿಲು ತೆರೆದಿಟ್ಟು ಹೋದ. ಹಿಂದೆಯೇ ದಿನದ ಗಿರಾಕಿಯೊಬ್ಬರು, ಮಿಲ್ಲಿನ ಗುಮಾಸ್ತರು, ಒಳಗೆ ಬಂದರು. ನೋಡಿದರೆ ಬಿಳಿ ಬಟ್ಟೆಯ ಮೇಲೆ ಶೇಠ್ ಅಂಗಾತ ಮಲಗಿದ್ದಾರೆ, ಕಣ್ಣು ಮುಚ್ಚಿದೆ, ತಲೆಯ ಹತ್ತಿರ ದೇವರಿಗೆ ಹಚ್ಚಿದ ಊದುಬತ್ತಿ ಹೊಗೆಯಾಡುತ್ತಿದೆ. ಗುಮಾಸ್ತರು ಟೊಪ್ಪಿಗೆ ತೆಗೆದರು. ತಲೆ ಬಗ್ಗಿಸಿ ನಿಂತರು. ಒಳ್ಳೆಯ ಮನುಷ್ಯ, ಸಾಂಬಾರಿಗೆ ಎಂದೂ ನೀರು ಬೆರೆಸಿದವರಲ್ಲ ಎಂದು ಮರಾಠಿಯಲ್ಲಿ ಹೇಳಿದರು.

ಶೇಠ್ ಕಣ್ಣು ಬಿಟ್ಟು ಆ ಕಡೆ ಹೊರಳಿ, ವ್ಯಾಪಾರ ಬಿಡದ ದನಿಯಲ್ಲಿ ಕೇಳಿದರಂತೆ, "ಕಾಫಿಯೋ, ಚಹವೋ?"

ಗುಮಾಸ್ತರು ಬಿಟ್ಟುಹೋದ ಟೊಪ್ಪಿಗೆ ಬಹಳ ದಿನ ಗಲ್ಲಾದ ಮೇಲೆ ಇತ್ತು.

ಸಾವಧಾನ್

ಈಗ ನಮ್ಮ ಮಾಸ್ತರರು. ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಊರು ಬಿಜಾಪುರದ ಕಡೆ, ವಾಸ ನಮ್ಮ ಚಾಳಿನಲ್ಲೇ, ನಮಗಿಂತ ಒಂದು ಮಾಳಿಗೆ ಮೇಲೆ. ಜೀವಮಾನವೆಲ್ಲ ಹುಡುಗರಿಗೆ ಎದೆ ಮುಂದೆ, ಬೆನ್ನು ನೆಟ್ಟಗೆ ಎಂದು ಕೂಗಿದವರು. ಇನ್‌ಸ್ಪೆಕ್ಟರ್ ಬಂದಾಗಲೂ ಬಗ್ಗದ ಬೆನ್ನು ಇದು ಎಂದು ಚಾಳಿನ ನಳದ ಹತ್ತಿರ ದಿನಾ ಹೇಳುತ್ತಿದ್ದರು. ಅಂಥ ಬೆನ್ನಿಗೆ ಇಂಥ ರೋಗ ಬಂತು. ಬಗ್ಗಿದರೆ ಮಾತ್ರ ನಡೆಯಬಹುದು.

ಇದರಲ್ಲಿ ಅವರಿಗೆ ದೊಡ್ಡ ಚಿಂತೆ ಒಂದೇ. ಪ್ರತಿವರ್ಷ ಅನಂತ ಚತುರ್ದಶಿಗೆ ನಮ್ಮ ಚಾಳಿನ ಗಣಪತಿ ಕೈಗಾಡಿಯ ಮೇಲೆ ಚೌಪಾಟಿಗೆ ಹೋಗುತ್ತಿತ್ತು. ಮುಂದೆ ಝಣಝಣ ಲೇಜಿಮ್ ಆಡಿಸುತ್ತ ಕುಣಿಯುವ ಹುಡುಗರು, ಹುಡುಗರ ಮುಂದೆ ಸೀಟಿ ಹಿಡಿದ ಮಾಸ್ತರರು. ಒಂದು ವರ್ಷವೂ ತಪ್ಪಿರಲಿಲ್ಲ. ಈ ಸಲ ಚಾಳಿನಿಂದ ಟ್ರಾಮಿನ ತನಕ ನಡೆಯುವುದೇ ಕಷ್ಟ. ಮೊದಲ ದಿನವೇ ಬಂದು ಹೇಳಿದರು, "ತಂಗಿ, ನನಗ ಬ್ಯಾರೆ ಏನೂ ಬ್ಯಾಡ. ಚೌಪಾಟಿ ತನಕ ನನ್ನ ಕಾಲ ಮ್ಯಾಲೆ ನಾ ಹೋಗಬೇಕು."

ಒಂದೇ ಚಾಳು, ಮನೆಯಲ್ಲೇ ವ್ಯಾಯಾಮ ಮಾಡಿಸುತ್ತೇನೆ ಅಂದೆ. ಒಪ್ಪಲಿಲ್ಲ. ಶಾಲೆ ಶಾಲೆಯಲ್ಲೇ ಆಗಬೇಕು ಅಂದರು. ಆಸ್ಪತ್ರೆಗೆ ಬಂದ ವಾರದೊಳಗೆ ನನ್ನ ವ್ಯಾಯಾಮದ ಹಾಲ್ ಅವರ ಶಾಲೆಯಾಯಿತು. ತಾವು ಮಲಗಿಕೊಂಡೇ ಉಳಿದ ರೋಗಿಗಳಿಗೆ ಹುಕುಂ ಕೊಡುತ್ತಿದ್ದರು. ಗುಜರಾತಿ ಮುದುಕರು, ಪಾರ್ಸಿ ಅಜ್ಜಿ, ಎಲ್ಲರ ಮಂಡಿ ಒಂದೇ ತಾಳಕ್ಕೆ ಎದೆಗೆ ಬಂದು ಒಂದೇ ತಾಳಕ್ಕೆ ಇಳಿಯುತ್ತಿತ್ತು. ನಾನು ಇಷ್ಟು ದಿನ ಬೇಡಿಕೊಂಡರೂ ಮಾಡದವರು ಅವರ ಗದರಿಕೆಗೆ ಮಾಡಿದರು. ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಮುದುಕರ ಕಾಲು ಸಡಿಲವಾಗುತ್ತಿದ್ದುದನ್ನು ನೋಡಿ ಹೊಟ್ಟೆಕಿಚ್ಚನ್ನು ನಾನೇ ಆರಿಸಿಕೊಂಡೆ.

ಒಂದು ದಿನ ದೊಡ್ಡ ಡಾಕ್ಟರರು ರೌಂಡಿಗೆ ಬಂದರು. ವಿಲಾಯತಿಗೆ ಹೋಗಿ ಬಂದವರು, ಅವರ ಬೂಟಿನ ಸದ್ದಿಗೆ ನರ್ಸುಗಳು ಕಂಬದ ಹಿಂದೆ ಸೇರುತ್ತಿದ್ದರು. ಅವರು ಬಾಗಿಲಿಗೆ ಬರುವುದಕ್ಕೂ ಒಳಗೆ ಮಾಸ್ತರರು "ಸಾವಧಾನ್" ಎಂದು ಗುಡುಗುವುದಕ್ಕೂ ಸರಿಹೋಯಿತು. ದೊಡ್ಡ ಡಾಕ್ಟರರು ಅಲ್ಲೇ ಹಿಮ್ಮಡಿ ಜೋಡಿಸಿ ನಿಂತರು.

ಇದು ಆಸ್ಪತ್ರೆಯೋ ಶಾಲೆಯ ಮೈದಾನವೋ ಎಂದು ನನಗೆ ಇಂಗ್ಲಿಷಿನಲ್ಲಿ ಸರಿಯಾಗಿ ಬೈದರು. ಬೈಯುವಷ್ಟು ಹೊತ್ತೂ ಅವರ ಎರಡು ಕೈ ತೊಡೆಗೆ ಅಂಟಿಕೊಂಡೇ ಇದ್ದವು. ಕೊನೆಗೆ ಮಲಗಿದ್ದ ಮಾಸ್ತರರಿಗೆ ಕನಿಕರ ಹುಟ್ಟಿ "ವಿಶ್ರಾಮ್" ಅಂದ ಮೇಲೆಯೇ ಅವರಿಗೆ ಕೈ ಆಡಿಸಲು ಬಂತು.

ಬಳೆ ಅಂಗಡಿ

ಮಲಗಿ ಮಾಡುವ ವ್ಯಾಯಾಮಕ್ಕೆ ಮಾಸ್ತರರ ತಕರಾರಿರಲಿಲ್ಲ. ರಸ್ತೆಯಲ್ಲಿ ಬಗ್ಗಿ ನಡೆಯಿರಿ ಅಂದರೆ ಮಾತ್ರ ಮೈಮೇಲೆ ಬಂದಂತೆ ಆಡುತ್ತಿದ್ದರು. ಊರಿಕೊಂಡು ಬಾಗಲಿ ಎಂದು ನಾನು ಗಿಡ್ಡನೆಯ ಕೋಲು ಕೊಟ್ಟರೆ ಅದನ್ನು ಫೌಜಿನ ಸಾಹೇಬರಂತೆ ಕಂಕುಳಲ್ಲಿ ಹಿಡಿದು, ಎದೆ ಉಬ್ಬಿಸಿ ಹೊರಡುತ್ತಿದ್ದರು. ತುಸು ದೂರಕ್ಕೆ ಕಾಲು ಕೈಕೊಡುತ್ತಿತ್ತು. ಆದರೆ ಬೀದಿಯಲ್ಲಿ ಕಾಲು ಸೋತು ನಿಂತೆ ಎಂದು ಅನ್ನಿಸಿಕೊಳ್ಳುವುದುಂಟೇ?

ಟ್ರಾಮಿನ ದಾರಿಯಲ್ಲಿ ಅವರ ಕಾಲು ಕೈಕೊಡುವ ಜಾಗಕ್ಕೆ ಸರಿಯಾಗಿ ಒಂದು ಬಳೆ ಅಂಗಡಿ. ಅದರ ಮುಂದೆ ಗಾಜಿನ ಪೆಟ್ಟಿಗೆ, ಸೊಂಟದ ಎತ್ತರದ್ದು. ಮಾಸ್ತರರು ಅದರ ಮೇಲೆ ಎರಡೂ ಮೊಣಕೈ ಊರಿ ಬಾಗಿ, ಕಾಲಿಗೆ ಜೀವ ಬರುವ ತನಕ ಬಳೆ ನೋಡುತ್ತಿದ್ದರು. ನಾನು ದುಂಬಾಲು ಬಿದ್ದು ಕಲಿಸಿದರೂ ಒಪ್ಪದ ಭಂಗಿ, ಬಳೆಗಾರನ ಮುಂದೆ ಅಚ್ಚುಕಟ್ಟಾಗಿ ಬರುತ್ತಿತ್ತು.

ನಿವೃತ್ತ ಡ್ರಿಲ್ ಮಾಸ್ತರ ದಿನಾ ಬಳೆ ಅಂಗಡಿಯ ಮುಂದೆ ಮೈಮರೆಯುತ್ತಾನೆ ಅನ್ನುವ ಸುದ್ದಿ ಚಾಳಿನ ನಳಕ್ಕೆ ಮುಟ್ಟಲು ಹೊತ್ತು ಬೇಕಾಗಲಿಲ್ಲ. ಬಳೆಗಾರನೂ ಬಿಡಲಿಲ್ಲ. ಇಷ್ಟು ನೋಡಿದ ಮೇಲೆ ಒಂದು ಡಜನ್ ಒಯ್ಯಬೇಡವೇ ಎಂದು ಗಂಟುಬಿದ್ದ. ಕಾಲು ನೋವು ಎನ್ನುವ ಮಾತು ಬಾಯಿಂದ ಹೊರಡದೆ ಮಾಸ್ತರರು ಹಸಿರು ಬಳೆ ಕೊಂಡರು. ಮುಂದೆ ಕೆಂಪು. ಅದಾದ ಮೇಲೆ ಬಂಗಾರದ ರೇಕಿನವು.

ಒಂದು ಮಧ್ಯಾಹ್ನ ಅವರ ಹೆಂಡತಿ, ನಾನು ಕಾಕು ಅನ್ನುತ್ತಿದ್ದವರು, ನಮ್ಮ ಮನೆಗೆ ಬಂದು ಬಾಗಿಲು ಮುಂದೆ ಮಾಡಿದರು. ಎರಡೂ ಕೈ ತುಂಬ ಬಳೆ. ಎಲ್ಲ ವಿಷಯ ಅವರಿಗೆ ತಿಳಿದಿದೆಯೆಂದು ಮುಖವೇ ಹೇಳುತ್ತಿತ್ತು.

"ಯವ್ವಾ, ಮದವಿ ಆದಾಗಿಂದ ಒಂದು ಬಳಿ ತಂದ ಗಂಡಸಲ್ಲ ಇವ್ರು," ಅಂದರು. "ಗುಣಾ ಮಾಡು, ಬ್ಯಾಡ ಅನ್ನೂದಿಲ್ಲ. ಖರೇ, ಒಂದೀಟು ಸಾವಕಾಶ ಮಾಡು."

ಸೇತುವೆ ಏರಿದ ತರಕಾರಿ

ಚೌತಿ ಹತ್ತಿರ ಬಂತು. ವ್ಯಾಯಾಮದಿಂದ ಮಾಸ್ತರರ ನೋವು ಇಳಿದಿತ್ತು, ನಿದ್ದೆ ಬರುತ್ತಿತ್ತು, ಆದರೆ ಚೌಪಾಟಿಯ ತನಕ ನಡೆಯುವಷ್ಟು ಕಾಲು ಬಂದಿರಲಿಲ್ಲ. ಚಾಳಿನ ಸೆಕ್ರೆಟರಿ ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು. ಗಾಡಿಯಲ್ಲಿ ಗಣಪತಿಯ ಪಕ್ಕ ಜಾಗವಿದೆ, ಮಾಸ್ತರರು ಅಲ್ಲೇ ಕೂತುಬಿಡಲಿ.

"ಬ್ಯಾಡ್ರಿ," ಅಂದರು ಮಾಸ್ತರರು. "ಚೌಪಾಟ್ಯಾಗ ಗದ್ದಲ ಭಾಳ. ಜನಾ ಇಬ್ಬರನ್ನೂ ಮುಳುಗಿಸಿ ಬರತಾರ."

ಎಲ್ಲರೂ ನಕ್ಕರು. ಅವರು ಮಾತ್ರ ನಗದೆ ಮೆಟ್ಟಿಲು ಹತ್ತಿ ಹೋದರು. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿ ನನಗೆ ಅನ್ನ ಸೇರಲಿಲ್ಲ.

ಮರುದಿನ ಅವರು ಆಸ್ಪತ್ರೆಗೆ ಹೊತ್ತಿಗೆ ಮುಂಚೆಯೇ ಬಂದರು. ದಿನಾ ಬೈಕುಲ್ಲಾ ಮಾರ್ಕೆಟಿನ ಹತ್ತಿರ ಟ್ರಾಮ್ ಇಳಿದು ಸೇತುವೆ ಏರಿ ಬರುವಷ್ಟರಲ್ಲಿ ಅಲ್ಲಲ್ಲಿ ಕೂತು ಎದ್ದು ಮುಖ ಬಿಳಚಿಕೊಳ್ಳುತ್ತಿದ್ದವರು, ಇವತ್ತು ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದರು. ಅಂಗಿಯ ತೋಳಿಗೆ ಕೊತ್ತಂಬರಿ ಸೊಪ್ಪು ಅಂಟಿತ್ತು. ಹೇಗೆ ಬಂದಿರಿ ಅಂದೆ. ಸೇತುವೆಯ ಏರಿನಲ್ಲಿ ತರಕಾರಿಯ ಕೈಗಾಡಿಯೊಂದು ಸಿಕ್ಕಿಕೊಂಡಿತ್ತಂತೆ, ಹಿಂದಿನಿಂದ ಒಂದು ಕೈ ಕೊಟ್ಟರಂತೆ, ಮಾತಾಡುತ್ತ ತಳ್ಳಿಕೊಂಡು ನಮ್ಮ ಗೇಟಿನ ತನಕ ಬಂದೇಬಿಟ್ಟರಂತೆ. ಎಲ್ಲೂ ಕೂತಿರಲಿಲ್ಲ. ಕೂತಿರಲಿಲ್ಲ ಎನ್ನುವುದು ಅವರ ಗಮನಕ್ಕೇ ಬಂದಿರಲಿಲ್ಲ.

ನಾನು ಕುರ್ಚಿಯಿಂದ ಎದ್ದೆ. ಗಾಡಿ ತಳ್ಳುವವನು ಬಗ್ಗಲೇಬೇಕು, ಭಾರವೆಲ್ಲ ಕೈಮೇಲೆ, ಬೆನ್ನಿನ ದಾರಿ ಬಿಡುವು. ಗಣಪತಿ ಹೋಗುವುದೂ ಕೈಗಾಡಿಯ ಮೇಲೆಯೇ. ಮಾಸ್ತರರ ಹುಕುಂ ಇಲ್ಲದೆಯೇ ಹಾಲ್‌ನ ಮಧ್ಯೆ ಒಂದು ಸುತ್ತು ತಿರುಗಿದೆ.

ಮಾಸ್ತರರು ಕೇಳಿ ಕೆಂಪಾದರು. ಇಷ್ಟು ವರ್ಷ ಮುಂದೆ ನಡೆದವನು ಹಿಂದೆ ಹಮಾಲಿಯಂತೆ ಬಗ್ಗಿ ತಳ್ಳುವುದೇ? ನಾನು ನರ, ಎಲುಬು, ದಾರಿ ಎಂದು ಪಾಠ ಹೇಳಿದೆ. ಗೋಡೆಗೆ ಹೇಳಿದಂತಾಯಿತು. ಸಂಜೆ ಕಾಕು ಅವರಿಗೆ ಚಹಾ ಕೊಡುತ್ತ ಒಂದೇ ಮಾತಿನಲ್ಲಿ ಮುಗಿಸಿದರು. "ಗಣಪತಿ ಮುಂದ ಬಗ್ಗಿದ್ರ ಬಗ್ಗಿದಂಗಲ್ರಿ."

ಮಾಸ್ತರರು ಚಹಾ ಕುಡಿದು ಮುಗಿಸಿದರು. ಆಮೇಲೆ ನನ್ನನ್ನು ಕರೆಸಿ, ಚಾಳಿನವರಿಗೆಲ್ಲ ಒಂದು ಮಾತು ಸ್ಪಷ್ಟವಾಗಿ ತಿಳಿಸಬೇಕು ಅಂದರು. "ನಾ ಗಾಡಿ ತಳ್ಳಾಂವಲ್ಲ. ಇಳಿಜಾರಿನ್ಯಾಗ ಓಡಿ ಹೋಗಬಾರದಂತ ಹಿಡಕೊಂಡಿರತೀನಿ, ಅಷ್ಟ."

ಚೌಪಾಟಿಯ ದಾರಿಯಲ್ಲಿ ಇಳಿಜಾರೆಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಚೌಪಾಟಿಯಿಂದ ವಾಪಸು

ಚತುರ್ದಶಿಯ ದಿನ ಮಾಸ್ತರರು ಗಾಡಿಯ ಹಿಂದಿನ ದಂಡಿಗೆ ಕೈಯೂರಿ ಬಾಗಿದರು. ಬಾಯಲ್ಲಿ ಸೀಟಿ, ತಲೆಗೆ ಕೇಸರಿ ಪಟಕ. ಹಿಂದಿನಿಂದ ಲೇಜಿಮ್ ಹುಡುಗರೆಲ್ಲ ಕಾಣುತ್ತಾರೆ, ಯಾರ ಹೆಜ್ಜೆ ತಪ್ಪಿದರೂ ತಿಳಿಯುತ್ತದೆ, ಇಷ್ಟು ವರ್ಷ ಮುಂದೆ ನಿಂತು ಏನೂ ಕಂಡಿರಲಿಲ್ಲ ಎಂದು ಹೊರಟ ಸ್ವಲ್ಪ ಹೊತ್ತಿಗೇ ಹೇಳಿದರು. ಬಳೆ ಅಂಗಡಿ ಬಂತು, ನಿಲ್ಲಲಿಲ್ಲ. ಗಾಜಿನ ಪೆಟ್ಟಿಗೆ ಒರೆಸಿ ಕಾಯುತ್ತಿದ್ದ ಬಳೆಗಾರನ ಮುಖ ಬಾಡಿತು. ಮಳೆ ಹನಿಯಿತು, ನಿಲ್ಲಲಿಲ್ಲ. ಜೊತೆಗೆ ತಳ್ಳುತ್ತಿದ್ದ ತರುಣರು ಪಾಳಿ ಬದಲಿಸಿದರು, ಮಾಸ್ತರರು ಬದಲಾಗಲಿಲ್ಲ. ನಾನು ಪಕ್ಕದಲ್ಲೇ ನಡೆಯುತ್ತ ಅವರ ಕಾಲನ್ನೇ ನೋಡುತ್ತಿದ್ದೆ. ಜನ ಗಣಪತಿಯನ್ನು ನೋಡುತ್ತಿದ್ದರು. ನನಗೆ ಆ ದಿನ ಆ ಎರಡು ಕಾಲೇ ದೇವರು.

ಸಮುದ್ರ ಕಂಡಾಗ ಮಾಸ್ತರರು ಸೀಟಿ ತೆಗೆದು ನನ್ನ ಕಡೆ ತಿರುಗಿದರು. ಪಟಕದ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ನನ್ನ ವಿದ್ಯೆಯ ಮೇಲೆ, ಆ ಹಟಮಾರಿ ಮುದುಕರ ಮೇಲೆ ಅಷ್ಟು ಅಭಿಮಾನ ನನಗೆ ಹಿಂದೆಂದೂ ಬಂದಿರಲಿಲ್ಲ. ಆ ಅಭಿಮಾನದಲ್ಲಿ ಕೆಳಗೆ ನೋಡದೆ ಮರಳಿನಲ್ಲಿ ಹೆಜ್ಜೆಯಿಟ್ಟೆ. ಹಬ್ಬಕ್ಕೆಂದು ಕೊಂಡಿದ್ದ ಹೊಸ ಕೊಲ್ಹಾಪುರಿ ಚಪ್ಪಲಿ ಒಂದು ಕಡೆ ಹೋಯಿತು, ನನ್ನ ಪಾದ ಇನ್ನೊಂದು ಕಡೆ.

ಗಣಪತಿಯನ್ನು ನೀರಿಗೆ ಬಿಟ್ಟು ಬರುವಷ್ಟರಲ್ಲಿ ನನ್ನ ಕಾಲಿನ ಹರಡು ಬಾತು ಕುಂಬಳಕಾಯಿಯಾಗಿತ್ತು. ಕಾಲು ಊರಬಾರದು ಅನ್ನುವುದು ನನ್ನ ಓದಿನಲ್ಲೇ ಇತ್ತು. ಟ್ಯಾಕ್ಸಿ ಆ ಜನಸಾಗರದೊಳಗೆ ಬರುವಂತಿರಲಿಲ್ಲ. ಮಾಸ್ತರರು ಕಾಲನ್ನೂ ಖಾಲಿ ಗಾಡಿಯನ್ನೂ ನೋಡಿದರು. "ಏರು," ಅಂದರು.

ನಾನು ಒಲ್ಲೆನೆಂದೆ. ಅವರು ಸೀಟಿ ಊದಿದರು. ಏರಿದೆ.

ಹೀಗೆ ಗಣಪತಿ ಕೂತಿದ್ದ ಜಾಗದಲ್ಲಿ, ಬಾಡಿದ ಹೂವಿನ ಮಾಲೆಗಳ ನಡುವೆ ನಾನು ಕೂತೆ. ಹಿಂದೆ ನನ್ನ ರೋಗಿ ಬಾಗಿ ತಳ್ಳುತ್ತಿದ್ದರು. ದಾರಿಯುದ್ದಕ್ಕೂ, ಬೆನ್ನು ನೆಟ್ಟಗಿರಲಿ ಎಂದು ನನಗೇ ಹುಕುಂ. ಗ್ರಾಂಟ್ ರೋಡಿಗೆ ಬಂದಾಗ ಗ್ಯಾಲರಿಯಿಂದ ಒಬ್ಬ ಅಜ್ಜಿ ಕಣ್ಣು ಸರಿಯಾಗಿ ಕಾಣದೆ ನನಗೆ ಕೈಮುಗಿದರು. ಚಾಳಿನ ಜನ ರಸ್ತೆಯ ಎರಡೂ ಕಡೆ ಸೇರಿದರು. ಹೊಟೇಲಿನ ಶೇಠ್ ಗಲ್ಲಾದಿಂದ ಎದ್ದು ಹೊರಗೆ ಬಂದು, ಗಾಡಿಯಲ್ಲಿ ಕೂತ ನನ್ನನ್ನೂ ತಳ್ಳುವ ಮಾಸ್ತರರನ್ನೂ ಎರಡೆರಡು ಸಲ ನೋಡಿದರು.

"ಎಂಥ ಮಾಸ್ಟ್ರೇ ಇದು?" ಅಂದರು. "ಎಲ್ಲರೂ ಬಿಟ್ಟು ಬರುವುದು. ನೀವು ಇದೊಂದನ್ನು ವಾಪಸ್ ತಂದದ್ದು ಯಾಕೆ ಮಾರಾಯ್ರೆ?"

ಮಾಸ್ತರರು ಗಾಡಿ ನಿಲ್ಲಿಸಲಿಲ್ಲ, ಬೆನ್ನು ಎತ್ತಲೂ ಇಲ್ಲ.

"ಮುಳುಗಿಸಾಕ ಮನಸಾಗಲಿಲ್ರಿ," ಅಂದರು. "ನನ್ನ ಪೇಶಂಟು. ಪಾಪ, ನಡಿಯಾಕ ಬರೂದಿಲ್ಲ. ಸಾವಕಾಶ ಗುಣಾ ಮಾಡತೀನಿ."